ಯಾರ ಕೈಗಾದರೂ ಹೋಗುವ ಕೂಸು

ಜಗಳೂರು
12 ಫೆಬ್ರವರಿ 1936

ಅಕ್ಕ ಸಾವಂತ್ರಮ್ಮನಿಗೆ ಉಡಚಿಯ ನಮಸ್ಕಾರ.

ಈ ಕಾಗದವನ್ನು ನಾನೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಪಂಡಿತರ ಮದ್ದಿಗೆ ಕೈ ಇನ್ನೂ ನಡುಗುತ್ತದೆ. ತಲೆ ಮಾತ್ರ ನೆಟ್ಟಗಿದೆ. ಅದನ್ನೇ ಮೊದಲು ಹೇಳಬೇಕು ಅನ್ನಿಸಿತು.

ಹೊನ್ನಾಳಿಯಲ್ಲಿ ಅಣ್ಣ ಅಂಜಿನಪ್ಪನ ಮನೆಯಲ್ಲಿ ಹೆತ್ತು ಮಲಗಿದ್ದಾಗ ನನಗೆ ಏನಾಯಿತು ಎಂಬುದನ್ನು ಅವರಿವರ ಬಾಯಿಂದ ತುಂಡುತುಂಡಾಗಿ ಕೇಳಿಸಿಕೊಂಡಿದ್ದೇನೆ. ಬಾಣಂತಿ ಸನ್ನಿ ಅಂದರು. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಿಗೆಯ ಗೋದಲಿಯಲ್ಲಿ, ಎಮ್ಮೆಯ ಮುಂದೆ ಮಲಗಿಸಿ ಬಂದೆನಂತೆ. "ಇದು ನನ್ನ ಕೂಸಲ್ಲ, ನನ್ನ ಕೂಸನ್ನ ಯಾರೋ ಬದಲಾಯಿಸ್ಯಾರೆ" ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆನಂತೆ. ಕೂಗಿದ್ದು ನೆನಪಿಲ್ಲ. ಹುಲ್ಲಿನ ವಾಸನೆ ನೆನಪಿದೆ. ನೀನು ಆಗ ಅವನನ್ನು ಎತ್ತಿಕೊಂಡು ನ್ಯಾಮತಿಗೆ ಹೋಗದಿದ್ದರೆ ಅವನು ಉಳಿಯುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ.

ಈಗ ಅಡಿಗೆ ಮಾಡುತ್ತೇನೆ, ನೀರು ಸೇದುತ್ತೇನೆ. ಅತ್ತೆ ಅಜ್ಜಮ್ಮನವರು ಈಳಿಗೆಮಣೆಯನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದರು. ಹೋದ ವಾರ ತಾವೇ ಇಳಿಸಿ, "ತಗ, ಕಾಯಿಪಲ್ಲೆ ಹೆಚ್ಚು" ಅಂದರು. ನಾನು ಗುಣವಾದೆ ಎಂದು ನನಗೆ ಗೊತ್ತಾದದ್ದು ಆವತ್ತೇ.

ಅಕ್ಕಾ, ನನ್ನ ಮಗನನ್ನು ಯಾವಾಗ ಕಳಿಸುತ್ತೀ?

ನಿನ್ನ ತಂಗಿ
ಉಡಚಿ


ನ್ಯಾಮತಿ
3 ಮಾರ್ಚ್ 1936

ಚಿರಂಜೀವಿ ಉಡಚಿಗೆ ಆಶೀರ್ವಾದ.

ನಿನ್ನ ಅಕ್ಷರ ನೋಡಿ ಅಳು ಬಂತು. ನಿಮ್ಮ ಭಾವನಿಗೂ ಓದಿ ಹೇಳಿದೆ.

ಕೂಸು ಗುಂಡುಕಲ್ಲಿನ ಹಾಗಿದ್ದಾನೆ. ಹೆಸರಿಡದೆ ಎಷ್ಟು ದಿನ ಬಿಡುವುದೆಂದು ನಾಗೇಂದ್ರ ಎಂದು ಕರೆದೆವು. ಮೇಕೆಯ ಹಾಲು ಒಗ್ಗಿದೆ. ಒಳಲೆಯಲ್ಲಿ ನಾನು ಕುಡಿಸಿದರೆ ಮಾತ್ರ ನುಂಗುತ್ತಾನೆ, ಬೇರೆ ಯಾರೇ ಹಿಡಿದರೂ ತುಟಿ ಬಿಗಿಯುತ್ತಾನೆ. ನಿಮ್ಮ ಭಾವ ಪಕ್ಕದಲ್ಲೇ ಕೆಮ್ಮಿದರೂ ತಿರುಗುವುದಿಲ್ಲ, ನಾನು ಅಡಿಗೆಮನೆಯಲ್ಲಿ ಕೈ ಆಡಿಸಿದರೆ ಬಳೆಯ ಸದ್ದಿಗೆ ಕತ್ತು ಹೊರಳಿಸುತ್ತಾನೆ. ನನ್ನ ಮುಖ ಕಂಡರೆ ಕೈಕಾಲು ಬಡಿದು ನಗುತ್ತಾನೆ. ಮದುವೆಯಾಗಿ ಹನ್ನೊಂದು ವರ್ಷ ಈ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

ಕಳಿಸುವ ವಿಚಾರ ನನ್ನ ಕೈಯಲ್ಲಿಲ್ಲ. ವರ್ಷ ತುಂಬುವವರೆಗೆ ತಾಯಿಯ ಹತ್ತಿರ ಬಿಡಬಾರದೆಂದು ಪಂಡಿತರು ಹೇಳಿದ್ದಾರಂತೆ. ನಿನ್ನ ಗಂಡ ವಿರೂಪಾಕ್ಷಪ್ಪನವರೇ ನಿಮ್ಮ ಭಾವನಿಗೆ ಬರೆದಿದ್ದಾರೆ. ನಿನಗೆ ಹೇಳಿಲ್ಲವೇ?

ಚೆನ್ನಾಗಿ ಉಣ್ಣು. ಅವನ ಚಿಂತೆ ಬಿಡು.

ಅಕ್ಕ
ಸಾವಂತ್ರಮ್ಮ


ಜಗಳೂರು
20 ಏಪ್ರಿಲ್ 1936

ಅಕ್ಕಾ,

ಇವರನ್ನು ಕೇಳಿದೆ. ಗೋಡೆ ನೋಡಿಕೊಂಡು, "ನಿನ್ ಒಳ್ಳೇದಕ್ಕೇ ಹೇಳಿದ್ದು" ಅಂದರು. ಈಳಿಗೆಮಣೆ ಕೊಡಬಹುದು, ಕೂಸು ಕೊಡಬಾರದು. ಆಗಲಿ.

ನಮ್ಮ ಮನೆಯಲ್ಲಿ ಅವನಿಗೆ ಮರುಳಸಿದ್ದ ಎಂದು ಹೆಸರಿಡಲು ಹರಸಿಕೊಂಡಿದ್ದೆವು. ನಿನಗೂ ಗೊತ್ತಿತ್ತು.

ನನ್ನ ಎದೆಹಾಲು ಬತ್ತಿಹೋಯಿತು. ಸನ್ನಿಯಲ್ಲಿದ್ದಾಗ ಅತ್ತೆ ಎದೆಗೆ ಮಲ್ಲಿಗೆ ಹೂ ಕಟ್ಟಿ ಬತ್ತಿಸಿದರಂತೆ. ಈಗ ಸಂತೆಯಲ್ಲಿ ಮಲ್ಲಿಗೆ ಕಂಡರೆ ಆ ಸಾಲು ಬಿಟ್ಟು ಬೇರೆ ಕಡೆಯಿಂದ ಬರುತ್ತೇನೆ.

ಹೆತ್ತ ದಿನ ಅವನನ್ನು ಎದೆಯ ಮೇಲೆ ಹಾಕಿದಾಗ, ಕಣ್ಣು ಬಿಡುವ ಮೊದಲೇ ಮೂಗಿನಿಂದ ಹುಡುಕುತ್ತ ಬಂದ. ಅದು ನನಗೆ ಚೆನ್ನಾಗಿ ನೆನಪಿದೆ. ಅವನಿಗೆ ನನ್ನ ಮುಖ ಗೊತ್ತಿಲ್ಲದಿರಬಹುದು, ವಾಸನೆ ಗೊತ್ತಿದೆ. ಅದಕ್ಕೇ ಈ ಗಂಟಿನಲ್ಲಿ ನನ್ನ ಹಳೆಯ ಸೀರೆ ಕಳಿಸಿದ್ದೇನೆ. ನಾಲ್ಕು ದಿನ ಉಟ್ಟು, ಒಗೆಯದೆ ಮಡಿಸಿದ್ದೇನೆ. ತೊಟ್ಟಿಲಲ್ಲಿ ಅವನ ತಲೆಯ ಕೆಳಗೆ ಹಾಸು. ನಾನು ಬರುವವರೆಗೆ ಅಷ್ಟಾದರೂ ಅವನ ಹತ್ತಿರ ಇರಲಿ.

ಉಡಚಿ


ನ್ಯಾಮತಿ
14 ಜುಲೈ 1936

ಉಡಚಿಗೆ,

ಉತ್ತರ ತಡವಾಯಿತು. ಕೂಸಿಟ್ಟುಕೊಂಡ ಮನೆಯಲ್ಲಿ ಬರೆಯಲು ಕೂರುವುದು ಎಲ್ಲಿಯ ಮಾತು.

ಸೀರೆ ತಲುಪಿತು. ದಾರಿಯ ಧೂಳು ಹಿಡಿದು ಕಮಟು ವಾಸನೆ ಬರುತ್ತಿತ್ತು. ಕೂಸಿನ ಮೈಗೆ ಗುಳ್ಳೆ ಎದ್ದೀತೆಂದು ಸೋಪು ಹಾಕಿ ಎರಡು ನೀರು ಒಗೆದು, ಬಿಸಿಲಿಗೆ ಒಣಗಿಸಿ ಹಾಸಿದ್ದೇನೆ. ಈಗ ಮೆತ್ತಗಿದೆ.

ಅಂಬೆಗಾಲಿಡುತ್ತಾನೆ. ಹೋದ ತಿಂಗಳಿಂದ ಯಾರನ್ನೂ ಸೇರುವುದಿಲ್ಲ. ನಾನು ಹಿತ್ತಲಿಗೆ ಕಾಲಿಟ್ಟರೆ ಹೊಸ್ತಿಲವರೆಗೆ ಬಂದು ಉಸಿರು ಕಟ್ಟುವ ಹಾಗೆ ಅಳುತ್ತಾನೆ. ನಾನು ಬಂದು ಎತ್ತಿಕೊಂಡರೆ ಥಟ್ಟನೆ ಸುಮ್ಮನಾಗಿ ನನ್ನ ಕೊರಳಿನ ಗುಂಡಿಯಲ್ಲಿ ಮೂಗು ಒತ್ತುತ್ತಾನೆ. ಗೋವಿನಕೋವಿಯಿಂದ ಬೆಣ್ಣೆ ತರುವ ಲಕ್ಷ್ಮಮ್ಮ, "ಏನ್ ಸಾವಂತ್ರಮ್ಮಾರೇ, ಹೆತ್ತೋಳ್ಗಿಂತ ಹೆಚ್ಚಾಗಿ ಅಂಟ್ಕಂಡೈತಲ್ರೀ ಕೂಸು" ಅಂದಳು. ಹಂಗೆಲ್ಲ ಅನ್ನಬೇಡ ಎಂದು ಗದರಿದೆ.

ಹಲ್ಲು ಬರುತ್ತಿದೆ, ಭೇದಿಯಾಗುತ್ತಿದೆ. ಹೊನ್ನಾಳಿಯ ಹತ್ತಿರ ಹೊಳೆ ತುಂಬಿ ಬಂದಿದೆಯಂತೆ. ಕಳಿಸುವುದನ್ನು ದಸರಾ ಕಳೆದ ಮೇಲೆ ನೋಡೋಣ.

ಸಾವಂತ್ರಮ್ಮ


ಜಗಳೂರು
11 ಸೆಪ್ಟೆಂಬರ್ 1936

ಅಕ್ಕಾ,

ನೀನು ಕರೆಯದಿದ್ದರೂ ಬಂದೆವು. ಹೊಳೆ ನಮ್ಮನ್ನು ದಾಟಲು ಬಿಟ್ಟಿತು. ಬಂದು ಹೋದ ಮೇಲೆ ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ.

ನೀನು ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಿಗೆ ಬಂದೆ. ಅವನು ನನ್ನನ್ನು ನೋಡಿದ. ಬಹಳ ಹೊತ್ತು, ಹಣೆ ಗಂಟಿಕ್ಕಿ, ದೊಡ್ಡವರ ಹಾಗೆ ನೋಡಿದ. ಗುರುತು ಹಿಡಿದ ಅಂದುಕೊಂಡೆ. ಕೈ ಚಾಚಿದೆ. ಅವನು ಕಿಟಾರನೆ ಕಿರುಚಿ ನಿನ್ನ ಕೊರಳಿಗೆ ಬಿದ್ದ. ನೀನು ಅವನ ಬೆನ್ನು ಸವರುತ್ತ, "ಅಳಬ್ಯಾಡ ನಾಗೂ, ನೋಡಿಲ್ಲಿ, ಚಿಕ್ಕವ್ವ ಬಂದಾಳೆ, ಚಿಕ್ಕವ್ವ" ಅಂದೆ.

ಅವನು ಕಿರುಚಿದ್ದಕ್ಕೆ ನನಗೆ ಬೇಸರವಿಲ್ಲ. ನನ್ನನ್ನು ಕಂಡು ಎಮ್ಮೆಯೂ ಬೆದರುತ್ತದೆ, ಪರಿಚಯವಿಲ್ಲದಿದ್ದರೆ. ಆದರೆ ನೀನು ಚಿಕ್ಕವ್ವ ಅಂದೆ. ಅಷ್ಟು ಜನರ ಮುಂದೆ, ನಾನು ಕೈ ಚಾಚಿಕೊಂಡು ನಿಂತಿದ್ದಾಗ. ಅವ್ವ ಎನ್ನಲು ನಿನಗೆ ನಾಲಿಗೆ ಏಳಲಿಲ್ಲ.

ಅಲ್ಲಿದ್ದ ಎರಡು ದಿನ ಅವನು ನಿದ್ದೆ ಮಾಡುವಾಗ ಮಾತ್ರ ನಾನು ಅವನ ಹತ್ತಿರ ಕೂತೆ. ತಲೆಯ ಕೆಳಗೆ ನನ್ನ ಸೀರೆ ಇತ್ತು. ಬಗ್ಗಿ ಮೂಸಿ ನೋಡಿದೆ. ನಿನ್ನ ಮನೆಯ ಸೋಪಿನ ವಾಸನೆ ಬಂತು.

ಉಡಚಮ್ಮ


ನ್ಯಾಮತಿ
2 ಅಕ್ಟೋಬರ್ 1936

ಉಡಚಮ್ಮನಿಗೆ,

ಹೌದು, ಚಿಕ್ಕವ್ವ ಅಂದೆ. ಬಾಯಿ ತಪ್ಪಿ ಅಂದದ್ದಲ್ಲ. ಅವ್ವ ಎಂಬ ಮಾತಿಗೆ ಅವನ ಲೆಕ್ಕದಲ್ಲಿ ಒಂದೇ ಅರ್ಥ: ಅತ್ತರೆ ಬರುವವಳು. ನಿನ್ನನ್ನು ತೋರಿಸಿ ಆ ಮಾತು ಅಂದಿದ್ದರೆ ಅವನಿಗೆ ಮಾತೇ ಸುಳ್ಳಾಗುತ್ತಿತ್ತು.

ಗೋದಲಿಯಿಂದ ಅವನನ್ನು ಎತ್ತಿಕೊಂಡವಳು ನಾನು. ಕಿವಿಯೊಳಗೆ ಹುಲ್ಲಿನ ಎಸಳು ಸಿಕ್ಕಿಕೊಂಡಿತ್ತು. ಅತ್ತತ್ತು ದನಿ ಹೋಗಿತ್ತು, ಬಾಯಿ ಮಾತ್ರ ತೆರೆಯುತ್ತಿತ್ತು. ಆಮೇಲೆ ನಲವತ್ತು ದಿನ ನಾನು ಮಲಗಿ ನಿದ್ದೆ ಮಾಡಿಲ್ಲ, ಗೋಡೆಗೆ ಒರಗಿ ಅವನನ್ನು ಎದೆಗೆ ಆನಿಸಿಕೊಂಡೇ ಇದ್ದೆ. ಇದನ್ನೆಲ್ಲ ಹೇಳಬಾರದು ಎಂದಿದ್ದೆ, ನೀನು ಹೇಳಿಸಿದೆ.

"ಇದು ನನ್ನ ಕೂಸಲ್ಲ" ಎಂದು ಬೀದಿಗೆ ಕೇಳುವ ಹಾಗೆ ಕೂಗಿದವಳು ನೀನು. ನಾನು ನಿನ್ನ ಮಾತನ್ನು ನಂಬಿಬಿಟ್ಟೆ ಎಂದು ತಿಳಿದುಕೋ.

ಸಾವಂತ್ರಮ್ಮ


ಹೊನ್ನಾಳಿ
9 ಜನವರಿ 1937

ತಂಗಿಯರಾದ ಸಾವಂತ್ರಮ್ಮ ಮತ್ತು ಉಡಚಮ್ಮನಿಗೆ, ಇಬ್ಬರಿಗೂ ಒಂದೇ ಒಕ್ಕಣೆಯ ಕಾರ್ಡು.

ನೀವಿಬ್ಬರೂ ಒಬ್ಬರಿಗೊಬ್ಬರು ಬರೆಯುವುದನ್ನು ಬಿಟ್ಟು ನನಗೆ ಬರೆಯುತ್ತಿದ್ದೀರಿ. ಓದಿ ಸಾಕಾಗಿದೆ. ಭಾವಂದಿರು ಇಬ್ಬರೂ ನಮ್ಮ ಮನೆಯಲ್ಲಿ ಕೂತು ಮಾತಾಡಿದ್ದಾರೆ. ಕೂಸು ಹೆತ್ತವರ ಮನೆ ಸೇರತಕ್ಕದ್ದು. ಸಂಕ್ರಾಂತಿಯ ಮಾರನೆಯ ದಿನ ಇಬ್ಬರೂ ಇಲ್ಲಿಗೆ ಬನ್ನಿ. ಎಳ್ಳುಬೆಲ್ಲ ತಿಂದು ಕೂಸನ್ನು ಕೈ ಬದಲಾಯಿಸಿಕೊಂಡು ಹೋಗಿ. ರಂಪ ಮಾಡಬೇಡಿ. ಎಳೇ ಕೂಸಿಗೆ ಏನು ತಿಳಿಯುತ್ತದೆ, ಎರಡು ದಿನ ಅತ್ತು ಮೂರನೆಯ ದಿನ ಮರೆಯುತ್ತದೆ.

ಅಂಜಿನಪ್ಪ


ಜಗಳೂರು
6 ಮಾರ್ಚ್ 1937

ಅಕ್ಕಾ,

ಅಣ್ಣ ಹೇಳಿದ ಆ ಮೂರನೆಯ ದಿನ ಇನ್ನೂ ಬಂದಿಲ್ಲ.

ಹೊನ್ನಾಳಿಯಲ್ಲಿ ಬಸ್ಸು ಹೊರಟಾಗ ನೀನು ಕಂಬದ ಹಿಂದೆ ನಿಂತಿದ್ದೆ, ಅವನಿಗೆ ಕಾಣದಿರಲಿ ಎಂದು. ಅವನಿಗೆ ಕಂಡಿತು. ದಾವಣಗೆರೆಯವರೆಗೆ ಕಿಟಕಿಯಿಂದ ಹೊರಗೆ ಬೀಳುವ ಹಾಗೆ ಒದ್ದಾಡಿದ. ನನ್ನ ಕೆನ್ನೆಯ ಮೇಲೆ ಅವನ ಉಗುರಿನ ಗೀರು ಮೊನ್ನೆ ಮೊನ್ನೆ ಮಾಯಿತು.

ಮೊದಲ ವಾರ ಅತ್ತ. ನಮ್ಮ ಬೀದಿಯೆಲ್ಲ ಎದ್ದು ಕೂರುವ ಹಾಗೆ ಅತ್ತ. ಈಗ ಅಳುವುದು ಕಡಿಮೆ, ಆದರೆ ತಲೆಬಾಗಿಲ ಚೌಕಟ್ಟು ಹಿಡಿದು ನಿಂತಿರುತ್ತಾನೆ. ಬೀದಿಯಲ್ಲಿ ನಿನ್ನ ಹಾಗೆ ಹಸಿರು ಸೀರೆ ಉಟ್ಟ ಹೆಂಗಸು ಕಂಡರೆ ತೊಡರುಹೆಜ್ಜೆಯಲ್ಲಿ ಓಡುತ್ತಾನೆ. ಅವಳು ತಿರುಗಿದ ಮೇಲೆ ಅಲ್ಲೇ ಕೂತುಬಿಡುತ್ತಾನೆ. ನಿದ್ದೆಯಿಂದೆದ್ದು "ಅವ್ವಾ" ಅನ್ನುತ್ತಾನೆ. ನಾನು ಓಡಿ ಹೋಗುತ್ತೇನೆ. ನನ್ನ ಮುಖ ನೋಡಿ "ಅಲ್ಲ" ಅನ್ನುತ್ತಾನೆ. ಅವನಿಗೆ ಬರುವ ಮಾತು ನಾಲ್ಕೋ ಐದೋ, ಅದರಲ್ಲಿ ಇದೊಂದು.

ಸರಿಯಾಗಿ ತಿನ್ನುತ್ತಿಲ್ಲ. ಕುಂಡೆಯ ತೊಗಲು ಸಡಿಲಾಗಿದೆ. ಅತ್ತೆ ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. "ಹಠ ಐತೆ ಇದಕ್ಕೆ, ಹಸಿವಾದ್ರೆ ತಿಂತೈತೆ ಬಿಡು" ಅನ್ನುತ್ತಾರೆ.

ಮಾನ ಬಿಟ್ಟು ಕೇಳುತ್ತಿದ್ದೇನೆ. ಮಲಗಿಸುವಾಗ ಏನು ಹಾಡುತ್ತಿದ್ದೆ? ಅನ್ನ ಹೇಗೆ ಕಲಸುತ್ತಿದ್ದೆ? ಬರೆದು ಕಳಿಸು.

ಉಡಚಿ


ನ್ಯಾಮತಿ
15 ಮಾರ್ಚ್ 1937

ಉಡಚಿ,

ಅನ್ನವನ್ನು ಹಾಲಿನಲ್ಲಿ ಕಿವುಚಿ ಚಿಟಿಕೆ ಉಪ್ಪು ಹಾಕುತ್ತಿದ್ದೆ. ಹಾಡು ಯಾವುದೂ ಅಲ್ಲ, ಬಾಯಿಗೆ ಬಂದದ್ದನ್ನು ಗುನುಗುತ್ತಿದ್ದೆ. ಅದು ಬರೆದರೆ ಬರುವುದಿಲ್ಲ.

ನನ್ನನ್ನು ಕರೆಸಿಕೋ. ಎಂಟು ದಿನ ಸಾಕು. ನಾನು ನಿನ್ನ ಪಕ್ಕ ಕೂತಿದ್ದರೆ ಅವನು ನಿನ್ನ ಕೈತುತ್ತು ತಿನ್ನುತ್ತಾನೆ. ನನ್ನ ತೊಡೆಯಿಂದ ನಿನ್ನ ತೊಡೆಗೆ ಮೆಲ್ಲಗೆ ಜಾರಿಸುತ್ತೇನೆ. ಬೇರು ಸಮೇತ ಕಿತ್ತ ಸಸಿಗೂ ಒಂದಿಷ್ಟು ಹಳೆಯ ಮಣ್ಣು ಉಳಿಸಿ ನೆಡುತ್ತೇವಲ್ಲ. ಹೊನ್ನಾಳಿಯಲ್ಲೇ ಇದನ್ನು ಹೇಳಬೇಕಿತ್ತು. ಗಂಡಸರು ಎದುರಿಗಿದ್ದರು, ನನಗೆ ಹೊಟ್ಟೆ ಉರಿಯುತ್ತಿತ್ತು.

ನಿಮ್ಮ ಭಾವ ಒಪ್ಪಿದ್ದಾರೆ. ನೀನು ಹೂಂ ಅಂದರೆ ನಾಳೆಯೇ ಹೊರಡುತ್ತೇನೆ.

ಅಕ್ಕ


ಜಗಳೂರು
24 ಮಾರ್ಚ್ 1937

ಅಕ್ಕಾ,

ಬರಬೇಡ.

ನಿನ್ನ ಎಂಟು ದಿನ ನನಗೆ ಗೊತ್ತು. ವರ್ಷ ತುಂಬಲಿ, ಹಲ್ಲು ಬರಲಿ, ಹೊಳೆ ಇಳಿಯಲಿ, ದಸರಾ ಕಳೆಯಲಿ. ನೀನು ಈ ಹೊಸ್ತಿಲು ದಾಟಿದ ಗಳಿಗೆಯೇ ಅವನು ಮತ್ತೆ ನಿನ್ನವನಾಗುತ್ತಾನೆ. ನಾನು ನಿನ್ನೆದುರು ನನ್ನ ಮನೆಯಲ್ಲೇ ಚಿಕ್ಕವ್ವನಾಗಿ ನಿಲ್ಲಬೇಕು.

ಅವನು ಮರೆಯಲಿ. ಮರೆತ ಮೇಲೆ ನನ್ನನ್ನು ಹುಡುಕುತ್ತಾನೆ.

ಉಡಚಮ್ಮ


ಜಗಳೂರು
17 ನವೆಂಬರ್ 1938

ಅಕ್ಕಾ,

ಒಂದೂವರೆ ವರ್ಷವಾಯಿತು ನಿನಗೆ ಬರೆಯದೆ. ಇವತ್ತು ಬರೆಯಲೇಬೇಕಾಗಿ ಬಂತು. ಬೇರೆ ಯಾರಿಗೂ ಹೇಳಿದರೆ ಅರ್ಥವಾಗುವುದಿಲ್ಲ.

ಮರುಳಸಿದ್ದ ಚೆನ್ನಾಗಿದ್ದಾನೆ. ಮೈ ತುಂಬಿಕೊಂಡಿದ್ದಾನೆ. ನನ್ನನ್ನು ಅವ್ವ ಅನ್ನುತ್ತಾನೆ. ಊರೆಲ್ಲ ಅವನನ್ನು ಹೊಗಳುತ್ತದೆ. ಹಾಸಿಗೆ ಹೊಲಿಯುವ ಮುರ್ತುಜಾಸಾಬರು ಹತ್ತಿ ಹಿಂಜಲು ಬಂದಿದ್ದರು. ಅವರ ಮುಖವನ್ನು ಇವನು ನೋಡಿದ್ದೇ ಮೊದಲು. ಕೈ ಚಾಚಿದರು, ಹೋಗಿ ತೊಡೆಯ ಮೇಲೆ ಕೂತ. "ಎಂಥಾ ಶಾಣ್ಯಾ ಮಗು ರೀ ಅಮ್ಮಾ, ಹೊಸಬರು ಹಳಬರು ಅಂಬೋ ಭೇದಾನೇ ಇಲ್ಲ" ಅಂದರು. ಸೊಕ್ಕೆ ಊರಿನ ಹೊಲಕ್ಕೆ ಹೋದಾಗ ಕೂಲಿಯವಳ ಹತ್ತಿರ ಬಿಟ್ಟು ಹೋದೆ. ಉಳಿದ ಮಕ್ಕಳು ತಾಯಂದಿರ ಹಿಂದೆ ಅಳುತ್ತ ಓಡಿದವು. ಇವನು ಕೂತಲ್ಲೇ ಕಲ್ಲು ಜೋಡಿಸುತ್ತಿದ್ದ. ಸಂಜೆ ನಾನು ಬಂದಾಗ ತಲೆ ಎತ್ತಿ ನೋಡಿ ಮತ್ತೆ ಜೋಡಿಸತೊಡಗಿದ.

ಮೊನ್ನೆ ಜಗಲಿಯಿಂದ ಬಿದ್ದ. ಮೊಣಕಾಲು ಒಡೆದು ರಕ್ತ ಸುರಿಯಿತು. ನಾನು ಮೂರು ಮಾರು ದೂರದಲ್ಲಿದ್ದೆ. ಬಿದ್ದ ಮಕ್ಕಳು ಮೊದಲು ಅವ್ವ ಎಲ್ಲಿ ಎಂದು ನೋಡುತ್ತವೆ, ನೋಡಿದ ಮೇಲೆ ಅಳುತ್ತವೆ. ಇವನು ನೋಡಲಿಲ್ಲ. ಎದ್ದು ಮಣ್ಣು ಕೊಡವಿಕೊಂಡು, ಎಂಜಲು ಹಚ್ಚಿಕೊಂಡ. "ಎಂಥಾ ಗಟ್ಟಿ ಹುಡುಗ!" ಎಂದು ಅತ್ತೆ ಹಿಗ್ಗಿದರು. ನಾನು ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡೆ.

ಜ್ವರ ಬಂದಾಗ ಒಂದೇ ಒಂದು ಸಲ, ಮಧ್ಯಾಹ್ನದ ನಿದ್ದೆಯಲ್ಲಿ, ನನ್ನ ಸೆರಗಿನ ಚುಂಗನ್ನು ಮುಷ್ಟಿಯಲ್ಲಿ ಹಿಡಿದ. ನಾನು ಅಲುಗದೆ ಕೂತೆ. ಒಲೆಯ ಮೇಲೆ ಬೇಳೆ ಸೀದುಹೋಯಿತು. ಎಚ್ಚರವಾಗಿ ಕಣ್ಣು ಬಿಟ್ಟ. ಕೇಳದೆ ಯಾರದೋ ವಸ್ತು ಮುಟ್ಟಿದವನ ಹಾಗೆ ಮೆಲ್ಲಗೆ ಕೈ ಬಿಟ್ಟ.

ಅವನು ನಿನ್ನನ್ನು ಮರೆತ, ಅಕ್ಕಾ. ಆದರೆ ನನ್ನನ್ನು ಹುಡುಕಲಿಲ್ಲ. ಹುಡುಕುವುದನ್ನೇ ಮರೆತ.

ಈಗ ಬಾ. ಬಂದರೆ ಕೆಡುವುದು ಏನೂ ಉಳಿದಿಲ್ಲ.

ಉಡಚಿ


ನ್ಯಾಮತಿ
8 ಫೆಬ್ರವರಿ 1939

ಉಡಚಿ,

ನಿನ್ನ ಊರಿಂದ ಬಂದು ಸುಧಾರಿಸಿಕೊಳ್ಳಲು ಇಷ್ಟು ದಿನ ಹಿಡಿಯಿತು.

ಬಸ್ಸಿನಲ್ಲಿ ಬರುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಹೇಳಿಬಿಡುತ್ತೇನೆ. ಅವನು ನನ್ನನ್ನು ಕಂಡು ಓಡಿ ಬರುತ್ತಾನೆ, ನೀನು ನೋಡುತ್ತ ನಿಲ್ಲುತ್ತೀಯ ಎಂದುಕೊಂಡಿದ್ದೆ. ಕಿರುಚಿ ಒಳಗೆ ಓಡಿದರೂ ಸಹಿಸುತ್ತಿದ್ದೆ. ಅವನು "ನಮಸ್ಕಾರ ದೊಡ್ಡವ್ವ" ಅಂದ. ಕರೆದೆ, ಬಂದ. ತೊಡೆಯ ಮೇಲೆ ಕೂರಿಸಿಕೊಂಡೆ, ಕೂತ. ನನ್ನ ಬಳೆಗಳನ್ನು ಒಂದೊಂದಾಗಿ ಸರಿಸಿ ನೋಡಿದ. ನಾನು ಆ ಹಳೆಯ ಗುನುಗು ಗುನುಗಿದೆ. ಕೇಳಿಸಿಕೊಂಡು, "ಚೆನ್ನಾಗೈತೆ" ಅಂದ. ಆಮೇಲೆ ಅಂಚೆಯವನು ಬಂದ, ಇವನು ನನ್ನ ತೊಡೆಯಿಂದ ಇಳಿದು ಅವನ ಕೈ ಹಿಡಿದುಕೊಂಡು ಬೀದಿಯ ಕೊನೆಯವರೆಗೆ ಹೋದ.

ನಿನಗೆ ಸಂತೋಷವಾಗಿರಬೇಕು ಎಂದು ನಿನ್ನ ಮುಖ ನೋಡಿದೆ. ನೀನು ಅಳುತ್ತಿದ್ದೆ. ನಾವು ಅಪ್ಪನ ಮನೆಯಲ್ಲಿ ಒಂದೇ ಚಾಪೆಯಲ್ಲಿ ಮಲಗಿದವರು. ಆದರೂ ಎದ್ದು ಬಂದು ನಿನ್ನ ಪಕ್ಕ ಕೂರಲು ನನಗೆ ಆಗಲಿಲ್ಲ. ನಿನ್ನನ್ನು ಕ್ಷಮಿಸಿಲ್ಲ. ನೀನೂ ಕ್ಷಮಿಸಿರಲಾರೆ.

ಹೊಟ್ಟೆಯಲ್ಲಿ ಮತ್ತೊಂದು ಕೂಸಿದೆ ಅಂದೆಯಲ್ಲ. ಅದನ್ನು ಯಾರ ಕೈಗೂ ಕೊಡಬೇಡ. ನಾನು ಕೇಳಿದರೂ ಕೊಡಬೇಡ.

ಸಾವಂತ್ರಮ್ಮ


ಚನ್ನಗಿರಿ
19 ಸೆಪ್ಟೆಂಬರ್ 1948

ಅವ್ವನಿಗೂ ದೊಡ್ಡವ್ವನಿಗೂ ನಮಸ್ಕಾರಗಳು. ಒಂದೇ ಕಾಗದವನ್ನು ಎರಡು ಸಲ ಬರೆದು ಇಬ್ಬರಿಗೂ ಕಳಿಸಿದ್ದೇನೆ.

ನಾನು ಕ್ಷೇಮ. ದೊಡ್ಡಪ್ಪ ಹೇಳಿಸಿ ಸೇರಿಸಿದ ಈ ವಿದ್ಯಾರ್ಥಿನಿಲಯ ಅನುಕೂಲವಾಗಿದೆ. ಊಟ ಸಾಕಷ್ಟು ಕೊಡುತ್ತಾರೆ. ತಿಂಡಿ ಕಳಿಸಲೇ ಎಂದು ಇಬ್ಬರೂ ಕೇಳಿದ್ದೀರಿ. ನನಗೆ ಏನೂ ಬೇಕಾಗಿಲ್ಲ. ತಂಗಿ ದೋಣಿ ಮಾಡುವ ಬಣ್ಣದ ಕಾಗದ ಕೇಳಿದ್ದಳಂತೆ, ಬರುವಾಗ ತರುತ್ತೇನೆ.

ಹೊಸದಾಗಿ ಸೇರಿದ ಹುಡುಗರು ಬಹಳ ಅತ್ತರು. ತ್ಯಾವಣಿಗೆಯ ಓಬಳಪ್ಪ ಎಂಬ ಹುಡುಗ ಒಂದು ದಿನ ಹೇಳದೆ ಕೇಳದೆ ನಡೆದುಕೊಂಡು ಊರಿಗೆ ಓಡಿಹೋದ. ಅವನ ತಂದೆ ಎಳೆದುಕೊಂಡು ಬಂದು ಬಿಟ್ಟರು. ಯಾಕೆ ಓಡಿಹೋದೆ ಎಂದು ಕೇಳಿದೆ. "ಅವ್ವ ನೆನಪಾದ್ಲು" ಅಂದ. ನೆನಪಾದರೆ ಓಡುವುದು ಯಾಕೆ, ನೆನಪು ಇಲ್ಲಿದ್ದರೂ ಬರುತ್ತದಲ್ಲ ಎಂದು ಕೇಳಿದೆ. ಅವನು ನನ್ನನ್ನು ಒಂಥರಾ ನೋಡಿ ಎದ್ದು ಹೋದ. ನಾನು ತಪ್ಪು ಮಾತೇನೂ ಆಡಲಿಲ್ಲ. ಮೇಷ್ಟ್ರು ಮಾತ್ರ ಎಲ್ಲರೆದುರಿಗೆ, "ಮರುಳಸಿದ್ದಪ್ಪನ್ನ ನೋಡಿ ಕಲೀರೋ, ಒಂದ್ ದಿನಾನಾದ್ರೂ ಮನೆ ಮನೆ ಅಂದಾನಾ?" ಅಂದರು.

ದಸರಾ ರಜೆ ಬರುತ್ತಿದೆ. ಅವ್ವ ಜಗಳೂರಿಗೆ ಬಾ ಎಂದು ಬರೆದಿದ್ದಾಳೆ, ದೊಡ್ಡವ್ವ ನ್ಯಾಮತಿಗೆ ಬಾ ಎಂದು ಬರೆದಿದ್ದಾಳೆ. ಎಲ್ಲಿಗೆ ಹೋಗಬೇಕು ಅಂತ ಆಸೆ ಐತೆ ನಿಂಗೆ ಎಂದು ಮೇಷ್ಟ್ರೂ ಕೇಳಿದರು. ಎಲ್ಲಿಗಾದರೂ ಆದೀತು ಅಂದೆ. ಇಬ್ಬರೂ ಬೇಸರ ಮಾಡಿಕೊಳ್ಳಬೇಡಿ. ರಜೆಯ ದಿನ ಬೆಳಿಗ್ಗೆ ದಾರಿಯಲ್ಲಿ ನಿಂತಿರುತ್ತೇನೆ. ಜಗಳೂರ ಕಡೆಗೆ ದಾವಣಗೆರೆಯ ಬಸ್ಸೋ, ನ್ಯಾಮತಿ ಕಡೆಗೆ ಹೊನ್ನಾಳಿಯ ಬಸ್ಸೋ, ಯಾವುದು ಮೊದಲು ಬರುತ್ತದೋ ಅದನ್ನು ಹತ್ತುತ್ತೇನೆ.

ಇತಿ ನಿಮ್ಮ ಮಗ
ಮರುಳಸಿದ್ದಪ್ಪ